ಬೆಂಕಿ ಆರಿದ ಮೇಲೆ

ಕಾರಟಗಿಯ ಕಡೆ ವರ್ಷ ಎಂದರೆ ಕಾಲುವೆ ನೀರಿನ ಲೆಕ್ಕ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ನಾಟಿ, ಬಂದ್ ಮಾಡಿದರೆ ಕೊಯ್ಲು. ಮುಂಗಾರಿನ ನೆಲ್ಲು ನವೆಂಬರ್, ಡಿಸೆಂಬರಿನಲ್ಲಿ ಮಿಲ್ಲಿಗೆ ಬರುತ್ತದೆ; ಬೇಸಿಗೆಯದು ಏಪ್ರಿಲ್, ಮೇ ಹೊತ್ತಿಗೆ. ಆ ಎರಡು ಸುಗ್ಗಿಗಳಲ್ಲಿ ಊರಿನ ರೈಸ್ ಮಿಲ್ಲುಗಳ ಚಿಮಣಿಗಳಿಗೆ ಹಗಲು ರಾತ್ರಿ ಎಂಬುದಿಲ್ಲ. ರಸ್ತೆ ಬದಿಗೆ ಲಾರಿಗಳ ಸಾಲು, ಹಮಾಲರಿಗೆ ಊಟಕ್ಕೂ ಪುರಸೊತ್ತಿಲ್ಲ, ಬೆಂದ ನೆಲ್ಲಿನ ವಾಸನೆ ಮನೆಯೊಳಗಿನ ಹಾಸಿಗೆಗೂ ಹತ್ತಿರುತ್ತದೆ. ಸುಗ್ಗಿ ಮುಗಿದರೆ ಎಲ್ಲ ತಣ್ಣಗೆ. ಜಲಾಶಯ ತುಂಬದೆ ಬೇಸಿಗೆ ಬೆಳೆಗೆ ನೀರು ಸಿಗದ ವರ್ಷ ಆ ತಣ್ಣನೆಯ ಕಾಲ ಇನ್ನೂ ಉದ್ದ.

ನಾನು ಹೊಟ್ಟೆ ಹೊರೆದುಕೊಂಡದ್ದು ಈ ಮಿಲ್ಲುಗಳ ಬಾಯ್ಲರುಗಳನ್ನು ನಂಬಿ. ಕೊಳವೆಗಳ ದಪ್ಪ ಅಳೆಯುವುದು, ಎಷ್ಟು ಸವೆದಿದೆ ಎಂದು ಹೇಳುವುದು, ಯಾವುದನ್ನು ಬದಲಿಸಬೇಕು ಎಂದು ಗುರುತು ಹಾಕುವುದು ನನ್ನ ಕೆಲಸ. ಸುಗ್ಗಿಯ ನಡುವೆ ಫೋನ್ ಬಂತೆಂದರೆ ಎಲ್ಲೋ ಕೊಳವೆ ತೂತು ಬಿದ್ದಿದೆ ಎಂದೇ ಅರ್ಥ. ‘ರಾತ್ರಿ ಹಗಲು ಓಡ್ಸಿದ್ವಿ, ಸವೀತು’ ಎನ್ನುವರು ಸಾವ್ಕಾರ್ರು. ದುಡಿದದ್ದು ಸವೆಯುತ್ತದೆ ಎಂಬುದು ಲೋಕದ ಲೆಕ್ಕ. ಬಾಯ್ಲರಿನ ಕೊಳವೆಯ ಒಳಮೈಗೆ ಮಾತ್ರ ಆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ತೂತು ಕಾಣಿಸಿಕೊಳ್ಳುವುದು ಸುಗ್ಗಿಯಲ್ಲಿ. ಅದು ಹುಟ್ಟುವುದು ಬಹಳ ಸಲ ಯಾರೂ ಬಾಯ್ಲರ್ ಮನೆಯ ಕಡೆ ತಲೆ ಹಾಕದ ತಿಂಗಳುಗಳಲ್ಲಿ.

ನಮ್ಮ ಮಿಲ್ಲುಗಳ ಬಾಯ್ಲರ್ ಹೇಗಿರುತ್ತದೆ ಎಂದು ಮೊದಲು ಹೇಳುತ್ತೇನೆ. ನೆಲ್ಲಿನ ತೂಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಹೊಟ್ಟು. ಅದೇ ಉರುವಲು. ಕೆಳಗೆ ಕುಲುಮೆ, ಕುಲುಮೆಯ ಸುತ್ತ ಒತ್ತೊತ್ತಾಗಿ ನಿಂತ ಕೊಳವೆಗಳ ಗೋಡೆ; ಅವುಗಳೊಳಗೆ ನೀರು. ಮೇಲೆ ದೊಡ್ಡ ಡ್ರಮ್ಮು, ಅದರೊಳಗೆ ಸ್ಮೋಕ್ ಟ್ಯೂಬುಗಳು. ಬಿಸಿ ಹೊಗೆ ಇವುಗಳೊಳಗೆ ಹಾದು ಹೋದರೆ ಸುತ್ತಲಿನ ನೀರು ಕಾಯುತ್ತದೆ. ಒತ್ತಡ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 10 ಕೆ.ಜಿ. ಆಸುಪಾಸು. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿ. ಅದು ಹೊಗೆಯ ಜೊತೆ ಹಾರಿ ಕೊಳವೆಯ ಹೊರಮೈಯನ್ನು ಉಜ್ಜುತ್ತದೆ. ಉಜ್ಜಿದ ಕಡೆ ಕಬ್ಬಿಣ ಫಳಫಳ ಹೊಳೆಯುತ್ತದೆ. ಕೈಯಾಡಿಸಿದರೆ ತಗ್ಗು ತಿಳಿಯುತ್ತದೆ. ಈ ಸವೆತ ನಿಜಕ್ಕೂ ದುಡಿಮೆಯದು, ಕಣ್ಣಿಗೆ ಬೀಳುವಂಥದ್ದು. ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆಯೇ.

ಒಳಗಿನದು ಬೇರೆ ಕಥೆ. ಬಾಯ್ಲರ್ ಸರಿಯಾಗಿ ನಡೆಯುವಾಗ ಕೊಳವೆಯ ಒಳಮೈಗೆ ತೆಳ್ಳನೆಯ ಕಪ್ಪು ಪದರ ಕಟ್ಟುತ್ತದೆ. ಮ್ಯಾಗ್ನೆಟೈಟ್ ಎಂಬ ಈ ಪದರವೂ ಒಂದು ಬಗೆಯ ತುಕ್ಕೇ, ಆದರೆ ಕಬ್ಬಿಣವನ್ನು ಕಾಯುವ ತುಕ್ಕು. ನೀರು ಸಾಕಷ್ಟು ಕ್ಷಾರವಾಗಿದ್ದು, ಅದರಲ್ಲಿ ಆಮ್ಲಜನಕ ಇಲ್ಲದಿದ್ದರೆ ಈ ಪದರ ವರ್ಷಗಟ್ಟಲೆ ಗಟ್ಟಿಯಾಗಿರುತ್ತದೆ. ಆಮ್ಲಜನಕ ಸೇರಿತೋ, ಪದರ ಅಲ್ಲಲ್ಲಿ ಬಿರಿದು ಸೂಜಿಮೊನೆಯಂಥ ಜಾಗದಲ್ಲಿ ಕಬ್ಬಿಣ ಕರಗತೊಡಗುತ್ತದೆ. ಮೇಲೆ ಕೆಂಪು ಗುಬುಟು ಏಳುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಕೆದಕಿದರೆ ಕೆಳಗೆ ಒದ್ದೆ ಕಪ್ಪು ಪುಡಿ, ಪುಡಿಯ ಕೆಳಗೆ ಕುಳಿ. ಅಕ್ಕಪಕ್ಕದ ಲೋಹ ಹೊಸದರಂತೆ ಪೂರ್ತಿ ದಪ್ಪ ಇರುತ್ತದೆ. ಕುಳಿ ಮಾತ್ರ ಒಳಗೊಳಗೇ ಇಳಿಯುತ್ತ ಹೋಗುತ್ತದೆ.

ಆಮ್ಲಜನಕ ಎಲ್ಲಿಂದ ಬಂತು? ತಣ್ಣೀರಿನಿಂದ. ಗಾಳಿಗೆ ತೆರೆದಿಟ್ಟ ತಣ್ಣೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಕಾಯಿಸಿದಷ್ಟೂ ಅದು ಬಿಟ್ಟು ಹೋಗುತ್ತದೆ. ಬೇರೆ ಕಾರ್ಖಾನೆಗಳಲ್ಲಿ ಹಬೆ ಕೆಲಸ ಮುಗಿಸಿ ಬಿಸಿನೀರಾಗಿ ಬಾಯ್ಲರಿಗೆ ಮರಳುತ್ತದೆ. ನಮ್ಮಲ್ಲಿ ನೆಲ್ಲು ಬೇಯಿಸಲು ಬಿಟ್ಟ ಹಬೆ ನೆಲ್ಲಿನೊಳಗೇ ಸೇರಿ ಹೋಯಿತು. ಡ್ರೈಯರಿನಿಂದ ಬಂದಷ್ಟು ಬಂತು. ಉಳಿದದ್ದಕ್ಕೆಲ್ಲ ಹೊಸ ನೀರು, ಹೊಸ ನೀರಿನ ಜೊತೆ ಹೊಸ ಆಮ್ಲಜನಕ. ಅದಕ್ಕೆ ತಕ್ಕಂತೆ ಆಮ್ಲಜನಕ ಹೀರುವ ಸಲ್ಫೈಟ್ ಹಾಕಬೇಕು, ಫೀಡ್ ಟ್ಯಾಂಕಿನ ನೀರನ್ನು ಬಿಸಿಯಾಗಿಡಬೇಕು. ಮಿಲ್ಲಿನವರು ಸಾಫ್ಟ್‌ನರ್ ತೋರಿಸಿ ‘ನೀರಿಗೆ ಟ್ರೀಟ್‌ಮೆಂಟ್ ಐತ್ರಿ’ ಎನ್ನುತ್ತಿದ್ದರು. ಸಾಫ್ಟ್‌ನರ್ ಗಡಸುತನ ತೆಗೆಯುತ್ತದೆ, ಕೊಳವೆಗೆ ಸುಣ್ಣ ಕಟ್ಟದಂತೆ ನೋಡಿಕೊಳ್ಳುತ್ತದೆ. ಆಮ್ಲಜನಕವನ್ನಾಗಲಿ ಉಪ್ಪನ್ನಾಗಲಿ ಅದು ಮುಟ್ಟುವುದಿಲ್ಲ. ನಮ್ಮ ಭಾಗದ ಬೋರ್‌ವೆಲ್ ನೀರಿನ ಉಪ್ಪು ಎಲ್ಲರಿಗೂ ಗೊತ್ತು. ನೀರಾವರಿ ಬಂದು ದಶಕಗಳಾದ ಮೇಲೆ ಸವಳು ಹಿಡಿದ ಹೊಲಗಳ ಮೇಲೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿದೆ. ಹೊಲದಲ್ಲಿ ಬೇರು ಸುಡುವ ಆ ಉಪ್ಪೇ ಬಾಯ್ಲರಿನಲ್ಲಿ ಕುಳಿಗಳ ಕೆಲಸವನ್ನು ಚುರುಕುಗೊಳಿಸುತ್ತದೆ.

ಈ ವಿದ್ಯೆಯ ಮೊದಲ ಅಕ್ಷರ ನಾನು ಕಲಿತದ್ದು ಊರಲ್ಲಲ್ಲ. 1985ರಲ್ಲಿ ಶಕ್ತಿನಗರದಲ್ಲಿ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದ ಮೇಲೆ ನಮ್ಮ ಭಾಗದ ಐಟಿಐ, ಡಿಪ್ಲೊಮಾ ಹುಡುಗರಿಗೆ ದೊಡ್ಡ ಬಾಯ್ಲರ್ ಅಂದರೇನು ಎಂದು ಗೊತ್ತಾಯಿತು. ವಾರ್ಷಿಕ ದುರಸ್ತಿಗೆ ಗುತ್ತಿಗೆದಾರರ ತಂಡಗಳು ಸ್ಥಾವರದಿಂದ ಸ್ಥಾವರಕ್ಕೆ ತಿರುಗುತ್ತಿದ್ದವು. ಅಂಥದ್ದೊಂದು ತಂಡದಲ್ಲಿ ನಾನು ಗ್ರೀಸ್ ಡಬ್ಬಿ ಹಿಡಿಯುವ ಹೆಲ್ಪರ್. ಡಿ-ಮೀಟರ್ ಎಂದು ನಾವು ಕರೆಯುವ ಅಂಗೈಯಗಲದ ಯಂತ್ರದಿಂದ ಕೊಳವೆ ಅಳೆಯುವುದನ್ನು ಅಲ್ಲೇ ನೋಡಿದ್ದು. ಕೊಳವೆಯ ಮೈಯನ್ನು ಗ್ರೈಂಡರ್ ಹಚ್ಚಿ ಬೆಳ್ಳಗೆ ಮಾಡಬೇಕು, ಗ್ರೀಸ್ ಬಳಿಯಬೇಕು, ಪ್ರೋಬ್ ಒತ್ತಬೇಕು. ಕಿವಿಗೆ ಕೇಳದ ಶಬ್ದ ಲೋಹದೊಳಗೆ ಇಳಿದು ಆಚೆ ಮೈಗೆ ತಾಗಿ ವಾಪಸು ಬರುತ್ತದೆ. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. 3.5 ಮಿ.ಮೀ. ದಪ್ಪದ ಗೋಡೆಯಲ್ಲಿ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಸಾಕು. ಆ ಹೊತ್ತನ್ನು ಯಂತ್ರ ದಪ್ಪವಾಗಿ ಓದಿ ಹೇಳುತ್ತದೆ.

ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ಅದರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಬಣ್ಣದ ಮೇಲೆ ಪ್ರೋಬ್ ಇಟ್ಟರೆ ಬಣ್ಣದ ದಪ್ಪವನ್ನು ಎರಡು ಪಟ್ಟಿಗೂ ಹೆಚ್ಚಾಗಿ ಸೇರಿಸಿ ತೋರಿಸುತ್ತದೆ, ಏಕೆಂದರೆ ಬಣ್ಣದಲ್ಲಿ ಶಬ್ದ ನಿಧಾನ. ಲೋಹ ತೀರ ತೆಳುವಾಗಿದ್ದರೆ ಮೊದಲ ಪ್ರತಿಧ್ವನಿ ತಪ್ಪಿ ಎರಡನೆಯದನ್ನು ಹಿಡಿದು, 1 ಮಿ.ಮೀ. ಇದ್ದದ್ದನ್ನು 2 ಎನ್ನಬಹುದು. ಎಲ್ಲಕ್ಕಿಂತ ಮುಖ್ಯ, ಒಳಗೆ ಕುಳಿಗಳಿದ್ದರೆ ಶಬ್ದ ಚೆದುರಿ ಹೋಗುತ್ತದೆ. ಅಂಕಿ ನಿಲ್ಲುವುದಿಲ್ಲ, ಕುಣಿಯುತ್ತದೆ. ಹೊಸಬರು ಏನು ಮಾಡುತ್ತಾರೆಂದರೆ ಇನ್ನಷ್ಟು ಗ್ರೀಸ್ ಹಚ್ಚಿ, ಪ್ರೋಬನ್ನು ಅತ್ತಿತ್ತ ಸರಿಸಿ, ಎಲ್ಲಿ ಅಂಕಿ ಗಟ್ಟಿಯಾಗಿ ನಿಂತಿತೋ ಅದನ್ನು ಬರೆದುಕೊಳ್ಳುತ್ತಾರೆ. ನಮ್ಮ ತಂಡದ ಹಿರಿಯರೊಬ್ಬರು ಇದನ್ನು ಕಂಡರೆ ಕೆಂಡವಾಗುತ್ತಿದ್ದರು. ‘ಕುಣಿಯೋ ಅಂಕಿನೇ ಕಣೋ ನಿನಗೆ ಬೇಕಾದ್ದು, ಅದನ್ನ ಬಿಟ್ಟು ಸಂಬಳಕ್ಕೆ ಬೇಕಾದ್ದು ಬರೀಬೇಡ’ ಎನ್ನುವರು.

ಊರಿಗೆ ಮರಳಿ ಸ್ವಂತ ಡಿ-ಮೀಟರ್ ಕೊಂಡ ಮೇಲೆ ಇನ್ನೊಬ್ಬ ಗುರು ಸಿಕ್ಕಿದ. ಒಂದು ಮಿಲ್ಲಿನ ಫೈರ್‌ಮ್ಯಾನ್. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎರಡನೇ ದರ್ಜೆಯ ಅಟೆಂಡೆಂಟ್ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿ ಟ್ರಂಕಿನಲ್ಲಿ ಇಟ್ಟಿದ್ದ ಮನುಷ್ಯ. ಫೀಡ್ ಪಂಪಿನ ಸದ್ದು ಬದಲಾದರೆ ನಿದ್ದೆಯಲ್ಲೂ ಏಳುವವನು. ನಾನು ಅವನ ಬಾಯ್ಲರ್ ಅಳೆಯಲು ಹೋದ ಮೊದಲ ಸಲವೇ ಕೇಳಿದ: ‘ಏನಪಾ, ಕೈಗೆ ಸಿಗೋ ಎತ್ತರದಾಗ ಅಳದು ಹೋಗ್ತೀಯೋ, ಇಲ್ಲಾ ಬಗ್ಗಿ ಅಳೀತೀಯೋ?’

ಆ ಪ್ರಶ್ನೆಯ ಹಿಂದೆ ಒಂದು ಸಂಗತಿ ಇತ್ತು. ಆ ಮಿಲ್ಲಿನ ಬಾಯ್ಲರಿನ ಕೊಳವೆಗಳ ದಪ್ಪವನ್ನು ಹಿಂದಿನ ವರ್ಷ ಬೇರೆಯವರು ಬಂದು ಅಳೆದಿದ್ದರು. ವರದಿ ಅಚ್ಚುಕಟ್ಟಾಗಿತ್ತು: ಹೊಸದಿದ್ದಾಗ 4 ಮಿ.ಮೀ. ಇದ್ದ ಕೊಳವೆಗಳು ಎಲ್ಲೆಡೆ 3.6ರಿಂದ 3.9. ನೀರಿನ ಒತ್ತಡದ ಪರೀಕ್ಷೆಯೂ ಪಾಸಾಗಿತ್ತು. ಸುಗ್ಗಿ ಶುರುವಾಗಿ ಚೀಲಗಳು ಗೋಡೌನ್ ತುಂಬಿದ ಹೊತ್ತಿಗೆ ಕುಲುಮೆಯೊಳಗೆ ಸುಂಯ್ ಎಂಬ ಸದ್ದು. ಒಂದು ಕೊಳವೆ ನೆಲದಿಂದ ಮೊಣಕಾಲೆತ್ತರದಲ್ಲಿ ತೂತು ಬಿದ್ದಿತ್ತು. ಹೊಟ್ಟು ಒದ್ದೆಯಾಗಿ ಬೆಂಕಿ ಕುಂದಿತು, ಅರೆಬೆಂದ ನೆಲ್ಲು ತೊಟ್ಟಿಯಲ್ಲೇ ಹುಳಿಯಿತು. ಯಾರಿಗೂ ಗಾಯವಾಗಲಿಲ್ಲ ಎಂಬುದೊಂದೇ ಸಮಾಧಾನ.

ಕತ್ತರಿಸಿ ತೆಗೆದ ಆ ಕೊಳವೆಯ ತುಂಡನ್ನು ಕಾಕಾ ಎಸೆಯಲು ಬಿಟ್ಟಿರಲಿಲ್ಲ. ನಾವದನ್ನು ಉದ್ದುದ್ದ ಸೀಳಿಸಿದೆವು. ಎದೆಯೆತ್ತರದ ಭಾಗದಲ್ಲಿ ಕಪ್ಪು ಪದರ ನುಣ್ಣಗೆ, ಚೆಂದಾಗಿತ್ತು. ಕೆಳಗೆ ಬಂದಂತೆ ಒಂದು ಕಡೆ ಅಡ್ಡಗೆರೆ ಎಳೆದ ಹಾಗೆ ಕೆಂಪು ಶುರುವಾಗಿ ನಾಲ್ಕು ಬೆರಳಗಲ ಗುಬುಟುಗಳ ಪಟ್ಟಿ. ಆ ಪಟ್ಟಿಯಲ್ಲೇ ತೂತು. ಅದರ ಕೆಳಗೆ ಮತ್ತೆ ಅಷ್ಟೇನೂ ಹಾಳಾಗಿರಲಿಲ್ಲ. ‘ಸುಗ್ಗಿ ಮುಗದ ಮ್ಯಾಲೆ ನೀರು ಬಿಡ್ತೀನಿ. ಬ್ಲೋಡೌನ್ ಪೈಪು ತಳದಾಗ ಇಲ್ಲ, ಒಂದೀಟು ಮ್ಯಾಲೈತಿ. ಅದರ ಕೆಳಗಿನ ನೀರು ಎಲ್ಲಿ ಹೋಗ್ಬೇಕು? ಅಲ್ಲೇ ಕುಂದರ್ತೈತಿ’ ಎಂದ ಕಾಕಾ. ಆ ಗೆರೆ ಅವನು ಹೇಳಿದ ನೀರಿನ ದಂಡೆ. ಮೇಲೆ ಗಾಳಿ, ಕೆಳಗೆ ನೀರು, ಎರಡೂ ಸೇರುವಲ್ಲಿ ಆಮ್ಲಜನಕದ ಹೊಸ ಪೂರೈಕೆ ನಿಲ್ಲುವುದೇ ಇಲ್ಲ. ಜೂನಿನಿಂದ ನವೆಂಬರಿನ ತನಕ ಬೇರೆ ಯಾರ ಕಾವಲೂ ಇಲ್ಲದೆ ಅದು ತನ್ನ ಪಾಡಿಗೆ ಕಬ್ಬಿಣ ತಿಂದಿತ್ತು.

ಗೋಡೆಯ ಕೊಳವೆಗಳೆಲ್ಲ ಕೆಳಗೆ ಹೆಡರ್ ಎಂಬ ಒಂದೇ ದೊಡ್ಡ ಕೊಳವೆಗೆ ಸೇರಿರುತ್ತವೆ. ಹಾಗಿದ್ದ ಮೇಲೆ ಒಂದರಲ್ಲಿ ನೀರು ನಿಂತ ಮಟ್ಟವೇ ಎಲ್ಲದರಲ್ಲೂ. ಕಟ್ಟಡದ ಗೌಂಡಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪನ್ನು ಪಕ್ಕದ ಮನೆ ಕಟ್ಟುತ್ತಿದ್ದವರಿಂದ ಇಸಿದುಕೊಂಡು ಬಂದೆವು. ತೂತು ಬಿದ್ದ ಜಾಗದ ಎತ್ತರಕ್ಕೆ ಅದರ ಒಂದು ತುದಿ ಹಿಡಿದು, ಕುಲುಮೆಯ ಸುತ್ತ ಪ್ರತಿ ಕೊಳವೆಯ ಮೇಲೂ ಸುಣ್ಣದ ಕಡ್ಡಿಯಿಂದ ಅದೇ ಮಟ್ಟಕ್ಕೆ ಗೆರೆ ಎಳೆದೆ. ಆಮೇಲೆ ಬೂದಿಯಲ್ಲಿ ಕೂತು, ಗೆರೆಯುದ್ದಕ್ಕೂ ಬೆರಳಗಲಕ್ಕೊಂದರಂತೆ ಅಳೆದೆ. ಕೊಳವೆಯ ಮೇಲೆ ಕೊಳವೆ, ಆ ಗೆರೆಯಲ್ಲಿ ಅಂಕಿ ಕುಣಿಯಿತು. ಗೇಣು ಮೇಲೆ ಹೋದರೆ 3.8, ಕಲ್ಲಿನಂತೆ ನಿಂತಿತು. ಹಿಂದಿನ ವರ್ಷದ ವರದಿಯಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಬೂದಿ ಉಜ್ಜುವ ಎತ್ತರದಲ್ಲಿ, ಹೊರ ಸವೆತ ಹುಡುಕಲು ಅಳೆಯಬೇಕಾದಲ್ಲಿ ಅಳೆದಿದ್ದರು. ನೀರು ಎಲ್ಲಿ ನಿಂತಿತ್ತು ಎಂದು ಫೈರ್‌ಮ್ಯಾನನನ್ನು ಕೇಳಬೇಕೆಂದು ಯಾವ ನಮೂನೆಯಲ್ಲೂ ಕಲಂ ಇರಲಿಲ್ಲ.

ಸಾವ್ಕಾರ್ರಿಗೆ ಇದನ್ನು ಒಪ್ಪಿಸುವುದು ಕಷ್ಟವಾಯಿತು. ಅವರಿಗೆ ಗೊತ್ತಿರುವ ಭಾಷೆಯಲ್ಲೇ ಹೇಳಿದೆ: ನೆಲ್ಲಿನ ಚೀಲಕ್ಕೆ ಕಬ್ಬಿಣದ ಮೊನೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ಇಡೀ ಚೀಲದ ದರ ಕಟ್ಟುತ್ತೀರಿ, ಯಾಕೆಂದರೆ ಕಣದಲ್ಲಿ ರಾಶಿ ಕಲಸಿ ತುಂಬಿದ್ದಾರೆಂಬ ನಂಬಿಕೆ, ಕೊಳವೆಯನ್ನು ಯಾರೂ ಕಲಸಿಲ್ಲ, ಎಲ್ಲಿ ಚುಚ್ಚಿದೆವೋ ಅಲ್ಲಿಯ ದರ ಅಲ್ಲಿಗೆ ಮಾತ್ರ. ಅವರು ನಕ್ಕು, ‘ಹಂಗಾರ ನೀರಿನ ಪ್ರೆಶರ್ ಹಾಕಿ ನೋಡಿದ್ದು ಸುಳ್ಳೇನು?’ ಎಂದರು.

ಆ ಪ್ರಶ್ನೆ ತೂಕದ್ದು. ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಏರಿಸಿ, ಎಲ್ಲೂ ತೊಟ್ಟಿಕ್ಕುವುದಿಲ್ಲ ಎಂದು ನೋಡುವ ಪರೀಕ್ಷೆಗೆ ದೊಡ್ಡ ಇತಿಹಾಸವಿದೆ. ಕಲ್ಕತ್ತಾದಲ್ಲಿ 1863ರಲ್ಲಿ ದೊಡ್ಡದೊಂದು ಬಾಯ್ಲರ್ ಸ್ಫೋಟವಾದ ಮೇಲೆ 1864ರಲ್ಲಿ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. ಪ್ರಾಂತಕ್ಕೊಂದು ಬಗೆಯಾಗಿದ್ದ ನಿಯಮಗಳನ್ನು ಒಟ್ಟುಮಾಡಿ 1923ರಲ್ಲಿ ಭಾರತೀಯ ಬಾಯ್ಲರುಗಳ ಕಾಯ್ದೆ ಆಯಿತು. ಅದು ನೂರು ವರ್ಷ ದಾಟಿ ಬಾಳಿ, 2025ರ ಹೊಸ ಕಾಯ್ದೆಗೆ ಜಾಗ ಬಿಟ್ಟಿತು. ಬಾಯ್ಲರ್ ಇನ್‌ಸ್ಪೆಕ್ಟರ್ ಬಂದು ನೋಡಿ ಸರ್ಟಿಫಿಕೇಟ್ ಕೊಡದೆ ಒಲೆ ಹಚ್ಚುವಂತಿಲ್ಲ ಎಂಬ ಶಿಸ್ತು ಇಲ್ಲದಿದ್ದರೆ ನಮ್ಮ ಮಿಲ್ಲುಗಳಲ್ಲಿ ಎಷ್ಟು ಜೀವ ಹೋಗುತ್ತಿತ್ತೋ. ಆದರೆ ಆ ಪರೀಕ್ಷೆ ಉತ್ತರಿಸುವುದು ‘ಇವತ್ತು ತಡೆಯುತ್ತದೆಯೇ’ ಎಂಬ ಪ್ರಶ್ನೆಗೆ. ‘ಸುಗ್ಗಿ ಮುಗಿಯುವತನಕ ತಡೆಯುತ್ತದೆಯೇ’ ಎಂಬುದು ಬೇರೆ ಪ್ರಶ್ನೆ.

ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಹೊರವ್ಯಾಸ 63.5 ಮಿ.ಮೀ. ಇರುವ ಕೊಳವೆಯ ಗೋಡೆ ಅರ್ಧ ಮಿ.ಮೀ.ಗೆ ಇಳಿದಿದೆ ಎಂದುಕೊಳ್ಳಿ. ನಮ್ಮ ಒತ್ತಡದಲ್ಲಿ ಲೋಹದ ಮೇಲೆ ಬೀಳುವ ಎಳೆತ ಚದರ ಮಿ.ಮೀ.ಗೆ 65 ನ್ಯೂಟನ್ ಸುತ್ತಮುತ್ತ. ಒತ್ತಡ ಒಂದೂವರೆ ಪಟ್ಟು ಮಾಡಿದರೂ 100 ದಾಟುವುದಿಲ್ಲ. ಸಾಧಾರಣ ಬಾಯ್ಲರ್ ಉಕ್ಕು ತಣ್ಣಗಿದ್ದಾಗ ಅದರ ಎರಡು ಪಟ್ಟನ್ನು ಸಲೀಸಾಗಿ ತಡೆಯುತ್ತದೆ. ಅಂದರೆ ಎಂಟನೇ ಏಳು ಪಾಲು ತಿಂದುಹೋದ ಕೊಳವೆಯೂ ಪರೀಕ್ಷೆಯ ದಿನ ಒಣಗಿದ ಮೈಯಲ್ಲೇ ನಿಂತು ಪಾಸಾಗಬಲ್ಲದು. ಉಳಿದ ಅರ್ಧ ಮಿ.ಮೀ. ಹೋಗುವುದು ಬೆಂಕಿ ಹಚ್ಚಿದ ಮೇಲೆ. ಸಾವ್ಕಾರ್ರು ಕಾಗದವನ್ನು ಎರಡು ಸಲ ನೋಡಿ ಜೇಬಿಗಿಟ್ಟುಕೊಂಡರು.

ಇದಕ್ಕಿಂತ ಮೋಸದ ರೋಗವೂ ಇದೆ. ಅದನ್ನು ನಾನು ನೋಡಿದ್ದು ದೊಡ್ಡ ಸ್ಥಾವರಗಳ ದಿನಗಳಲ್ಲಿ. ಹಬೆಯ ಉಷ್ಣತೆ 500 ಡಿಗ್ರಿ ದಾಟುವ, ಒತ್ತಡ ನಮ್ಮ ಮಿಲ್ಲಿನ ಹತ್ತು ಪಟ್ಟಿಗೂ ಮಿಕ್ಕ ಬಾಯ್ಲರುಗಳಲ್ಲಿ ಕೊಳವೆಯ ಒಳಗೆ ಪದರ ಕಟ್ಟಿ, ನೀರಿಗೆ ಆಮ್ಲ ಸೇರಿದರೆ, ಪದರದ ಕೆಳಗೆ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಕ್ಕೇ ನುಗ್ಗುತ್ತದೆ. ಅಲ್ಲಿನ ಇಂಗಾಲದೊಡನೆ ಕೂಡಿ ಮೀಥೇನ್ ಆಗುತ್ತದೆ. ಮೀಥೇನಿಗೆ ಹೊರಬರಲು ದಾರಿಯಿಲ್ಲ. ಉಕ್ಕಿನ ಕಣಕಣಗಳ ನಡುವೆ ಬಿರುಕು ಬಿಡಿಸುತ್ತದೆ. ದಪ್ಪ ಬಹುಮಟ್ಟಿಗೆ ಹಾಗೇ ಇದ್ದು, ಒಂದು ದಿನ ಕಿಟಕಿಯ ಬಾಗಿಲು ಕಿತ್ತು ಬಿದ್ದಂತೆ ಕೊಳವೆಯ ಒಂದು ತುಂಡೇ ಹಾರಿಹೋಗುತ್ತದೆ. ಅಂಥ ಕಡೆ ದಪ್ಪ ಕೇಳಿ ಸುಮ್ಮನಾದರೆ ಆಗದು. ವಾಪಸು ಬರುವ ಶಬ್ದ ಎಷ್ಟು ಕ್ಷೀಣಿಸಿದೆ ಎಂದೂ ನೋಡಬೇಕು, ಅನುಮಾನ ಬಂದರೆ ತುಂಡು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು.

ಈಗ ಉಪಕರಣಗಳಿಗೆ ಬರವಿಲ್ಲ. ಹೆಡರಿನ ಕೈಕಿಂಡಿಯಿಂದ ತೂರಿಸುವ ಸಣ್ಣ ಕ್ಯಾಮೆರಾ ಇದೆ. ಕೊಳವೆಯೊಳಗೆ ನೀರು ಹಾಯಿಸಿ, ಕನ್ನಡಿ ತಿರುಗಿಸಿ, ಸುತ್ತಳತೆಯುದ್ದಕ್ಕೂ ದಪ್ಪ ಅಳೆಯುವ ಐರಿಸ್ ಇದೆ. ಅದಕ್ಕೆ ಕೊಳವೆ ಒಳಗೆ ಬರಿ ಲೋಹ ಕಾಣುವಷ್ಟು ಸ್ವಚ್ಛವಾಗಿರಬೇಕು, ಅಷ್ಟು ತೊಳೆಯುವುದೇ ದೊಡ್ಡ ಕೆಲಸ. ತಾಮ್ರ, ಹಿತ್ತಾಳೆಯ ಕೊಳವೆಗಳಿಗೆ ಒಗ್ಗುವ ಸಾದಾ ಎಡ್ಡಿ ಕರೆಂಟ್ ನಮ್ಮ ಉಕ್ಕಿನ ಕೊಳವೆಗೆ ಒಗ್ಗದು. ಅಯಸ್ಕಾಂತಕ್ಕೆ ಅಂಟುವ ಲೋಹದಲ್ಲಿ ಅದು ಮೇಲ್ಮೈಗೇ ನಿಲ್ಲುತ್ತದೆ. ಅದಕ್ಕೆಂದೇ ರಿಮೋಟ್ ಫೀಲ್ಡ್ ಎಂಬ ವಿಧಾನ ಬಂತು. ಅದು ಒಟ್ಟಾರೆ ಸವೆತವನ್ನು ಚೆನ್ನಾಗಿ ಹಿಡಿಯುತ್ತದೆ, ಸೂಜಿಮೊನೆ ಕುಳಿಯನ್ನು ಹಿಡಿಯುವಾಗ ತಡವರಿಸುತ್ತದೆ. ಯಾವ ಉಪಕರಣ ತಂದರೂ ಅದನ್ನು ಎಲ್ಲಿಗೆ ಇಡಬೇಕೆಂಬ ಮಾತು ಬಂದಾಗ ನಾನು ಫೈರ್‌ಮ್ಯಾನನ ಕಡೆ ತಿರುಗುತ್ತೇನೆ. ಕಳೆದ ಸುಗ್ಗಿ ಎಂದು ಮುಗಿಯಿತು, ನೀರು ಪೂರ್ತಿ ಬಿಟ್ಟಿರೋ ಅರ್ಧ ಬಿಟ್ಟಿರೋ, ಫೀಡ್ ನೀರು ಯಾವ ಕಡೆಯಿಂದ ಒಳಗೆ ಬೀಳುತ್ತದೆ, ಸಲ್ಫೈಟ್ ಡಬ್ಬಿ ಎಂದು ಖಾಲಿಯಾಯಿತು. ಈ ಉತ್ತರಗಳು ಬಾರದೆ ನಾನು ಗ್ರೈಂಡರ್ ಹಚ್ಚುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 33 ಗೇಟುಗಳ, 1953ರಿಂದ ನೀರು ಹಿಡಿದ ಅಣೆಕಟ್ಟು. ತುಂಬಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವವರೆಗೆ ಕಾರಟಗಿಯ ಚಹಾದಂಗಡಿಗಳಲ್ಲಿ ಬೇರೆ ಮಾತಿರಲಿಲ್ಲ. ‘ಇಷ್ಟು ವರ್ಷ ಯಾರೂ ನೋಡ್ಲಿಲ್ಲೇನು?’ ಎಂದು ಎಲ್ಲರೂ ಕೇಳಿದರು. ನನಗೆ ಆ ಪ್ರಶ್ನೆ ಹಳೆಯದು. ಭಾರ ಹೊತ್ತು ನಿಂತಿರುವುದನ್ನು ನಾವು ಗಟ್ಟಿಯಿದೆ ಎಂದು ಓದುತ್ತೇವೆ. ನಿಂತಿರುವುದು ನಿನ್ನೆಯವರೆಗಿನ ಸಾಕ್ಷಿ ಅಷ್ಟೆ.

ಕಾಕಾನ ಮಿಲ್ಲಿನಲ್ಲಿ ಗೆರೆಯ ಮೇಲೆ ಅಂಕಿ ಕುಣಿದ ಕೊಳವೆಗಳನ್ನೆಲ್ಲ ಬದಲಿಸಿದರು. ಬ್ಲೋಡೌನ್ ಪೈಪಿನ ಜೊತೆಗೆ ಹೆಡರಿನ ತಳಕ್ಕೆ ಇನ್ನೊಂದು ಡ್ರೈನ್ ಕೂಡಿಸಿದರು. ಸುಗ್ಗಿ ಮುಗಿದ ಮೇಲೆ ಮಾಡಬೇಕಾದ ಕೆಲಸವನ್ನೂ ಬರೆದುಕೊಟ್ಟೆ. ಕೆಲವು ದಿನಗಳ ಬಿಡುವಾದರೆ ಬಾಯ್ಲರನ್ನು ಗಾಳಿಗೆ ಜಾಗವಿಲ್ಲದಂತೆ ಪೂರ್ತಿ ತುಂಬಿ, ಸಲ್ಫೈಟ್ ಹೆಚ್ಚಿಸಿ ಇಡುವುದು. ತಿಂಗಳುಗಟ್ಟಲೆ ಬಂದ್ ಆದರೆ ಬಿಸಿ ಇರುವಾಗಲೇ ಪೂರ್ತಿ ಖಾಲಿ ಮಾಡಿ, ಒಣಗಿಸಿ, ನೀರು ಹಾಕದ ಸುಣ್ಣದ ಹರಳುಗಳನ್ನು ತಟ್ಟೆಗಳಲ್ಲಿ ಡ್ರಮ್ಮಿನೊಳಗಿಟ್ಟು ಮ್ಯಾನ್‌ಹೋಲ್ ಮುಚ್ಚುವುದು. ಹರಳು ಒಳಗಿನ ತೇವ ಹೀರಿ ಪುಡಿಯಾಗುತ್ತದೆ. ಪುಡಿಯಾಗಿದ್ದರೆ ಬದಲಿಸುವುದು, ನೀರು ತುಂಬುವ ಮೊದಲು ತಟ್ಟೆ ಹೊರಗೆ ತೆಗೆಯುವುದು. ಅರ್ಧಂಬರ್ಧ ನೀರು ಮಾತ್ರ ಎಂದಿಗೂ ಬಿಡಬಾರದು. ಕಾಕಾ ಈ ಚೀಟಿಯನ್ನು ತನ್ನ ಸರ್ಟಿಫಿಕೇಟಿನ ಚೀಲಕ್ಕೇ ಸೇರಿಸಿದ.

ಸಾವ್ಕಾರ್ರ ತಕರಾರು ಹಣದ್ದಲ್ಲ, ಖಾತೆಯದ್ದು. ‘ಮಿಲ್ ನಡದ್ರ ಖರ್ಚು, ನಿಂತ್ರೂ ಖರ್ಚೇನ್ರಿ?’ ಎಂದರು. ಬಾಯ್ಲರ್ ನಡೆಯದ ತಿಂಗಳಿನಲ್ಲಿ ಬಾಯ್ಲರ್ ಖರ್ಚು ಬರೆಯಲು ಗುಮಾಸ್ತರ ಪುಸ್ತಕದಲ್ಲಿ ತಲೆಬರಹವೇ ಇರಲಿಲ್ಲ. ಕೊನೆಗೆ ಅವರೇ ದಾರಿ ಹುಡುಕಿದರು: ಸುಣ್ಣ, ಸಲ್ಫೈಟ್, ಡ್ರೈನಿನ ವಾಲ್ವ್, ಎರಡು ಆಳಿನ ಕೂಲಿ, ಎಲ್ಲವನ್ನೂ ಆಯುಧ ಪೂಜೆಯ ಖರ್ಚಿಗೆ ಸೇರಿಸಿ ಬರೆದರು, ಕುಂಬಳಕಾಯಿ ಮತ್ತು ನಿಂಬೆಹಣ್ಣಿನ ಕೆಳಗಿನ ಸಾಲಿನಲ್ಲಿ. ತಿದ್ದಿಸಲು ನಾನು ಹೋಗಲಿಲ್ಲ. ಪೂಜೆಯ ಖರ್ಚನ್ನು ಯಾವ ಸಾವ್ಕಾರ್ರೂ ಕಡಿತ ಮಾಡುವುದಿಲ್ಲ.